ಖಾಲಿ ಹೊಟ್ಟೆಯ ಕೌದಿ

ಇವತ್ತು ಬೆಳಿಗ್ಗೆ ನನ್ನ ಬೆರಳಿಗೆ ಸೂಜಿ ಚುಚ್ಚಿತು. ಮನೆಯಾಕೆ ಟ್ರಂಕಿನೊಳಗಿನ ಹಾಸಿಗೆ ಹೊದಿಕೆಗಳನ್ನೆಲ್ಲ ಬಿಸಿಲಿಗೆ ಹಾಕುತ್ತಿದ್ದಳು. ಒಂದೊಂದೇ ಎತ್ತಿ ಕೊಡುವ ಕೆಲಸ ನನ್ನದು. ತಳದಲ್ಲಿದ್ದ ಸಣ್ಣ ಕೌದಿಯನ್ನು ಎತ್ತಿದೆ. ಒಣಗಿದ ಬೇವಿನೆಲೆ ಉದುರಿ ಅದರ ಕಹಿ ವಾಸನೆ ಮೂಗಿಗೆ ಬಂತು. ಅದರ ಬೆನ್ನಿಗೇ ತುಕ್ಕು ಹಿಡಿದ ಸೂಜಿ ತೋರುಬೆರಳಿಗೆ ನೆಟ್ಟಿತು.

"ಇದನ್ನ ಯಾವಾಗ ಹೊಲದು ಮುಗಸ್ತೀರಿ?" ಎಂದಳು ಮನೆಯಾಕೆ, ನನ್ನ ಬೆರಳಿಗಿಂತ ಕೌದಿಯನ್ನೇ ಹೆಚ್ಚಾಗಿ ನೋಡುತ್ತಾ.

"ಮುಗಸೋಣ ತಗೋ" ಎಂದೆ. ಈ ಮಾತನ್ನು ಅವಳು ನಮ್ಮ ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ. ಬೇರೆಲ್ಲ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಮಾಡುವ ಗಂಡ ಈ ಒಂದು ಕೌದಿಯ ಮುಂದೆ ಏಕೆ ಕಲ್ಲಾಗುತ್ತಾನೆಂದು ಅವಳಿಗೆ ತಿಳಿಯದು. ನಾನು ಹೇಳಿಲ್ಲ. ಹೇಳಬೇಕೆಂದು ಅಂದುಕೊಂಡೇ ಇದ್ದೆ.

ಕೌದಿ ನಿಮಗೆ ಗೊತ್ತೇ ಇರುತ್ತದೆ. ಹಳೆಯ ಸೀರೆ, ಧೋತರ, ಹರಿದ ಅಂಗಿ, ಎಲ್ಲವನ್ನೂ ಒಂದರ ಮೇಲೊಂದು ಹಾಸಿ, ಅಂಚಿನಿಂದ ಹೊಲಿಯುತ್ತಾ, ಸುತ್ತು ಬರುತ್ತಾ, ನಡುವಿಗೆ ತಂದು ಮುಗಿಸುವ ನಮ್ಮ ಕಡೆಯ ಹೊದಿಕೆ. ನಟ್ಟನಡುವೆ ಅಂಗೈಯಗಲ ಒಂದು ಚೌಕ ಬಿಟ್ಟಿರುತ್ತಾರೆ. ಅದು ಕೌದಿಯ ಹೊಟ್ಟೆ. ಕಡೆಯ ದಿನ ಅದರೊಳಗೆ ಹೋಳಿಗೆಯ ಒಂದು ಚೂರನ್ನೋ ನಾಲ್ಕು ಕಾಳು ಅಕ್ಕಿಯನ್ನೋ ಇಟ್ಟು ಹೊಲಿದುಬಿಡುತ್ತಾರೆ. ಹಸಿದ ಕೌದಿ ಹೊದ್ದವರ ನಿದ್ದೆಯನ್ನೇ ತಿನ್ನುತ್ತದಂತೆ. ನನ್ನ ಟ್ರಂಕಿನ ಕೌದಿಯ ಹೊಟ್ಟೆ ನಲವತ್ತು ವರ್ಷದಿಂದ ಖಾಲಿ ಇದೆ. ಅದು ಯಾರ ನಿದ್ದೆ ತಿಂದಿದೆ ಎನ್ನುವುದನ್ನು ಹೇಳುವುದಕ್ಕೇ ಕೂತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಗಂಗಾವತಿಯ ಕಾಲುವೆ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಹನುಮಸಾಗರದಿಂದ ಆಚೆ, ಬಸ್ಸು ದಿನಕ್ಕೆ ಎರಡೇ ಸಲ ಬರುವ ಒಂದು ಹಳ್ಳಿಗೆ ಮಾಸ್ತರಿಕೆಯ ಆದೇಶ ಬಂತು. ಅಲ್ಲಿ ನೀಲವ್ವ ಎಂಬಾಕೆಯ ಮನೆಯ ಹಿಂದಿನ ಖೋಲಿ ಬಾಡಿಗೆಗೆ ಸಿಕ್ಕಿತು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಎರಡು ಎಕರೆ ಹೊಲ, ಒಂದು ಎಮ್ಮೆ, ಊರವರು ತಂದು ಕೊಡುವ ಕೌದಿ ಹೊಲಿಗೆ, ಹತ್ತನೆಯ ತರಗತಿ ಓದುತ್ತಿದ್ದ ಶಾಂತಾ ಎಂಬ ಒಬ್ಬಳೇ ಮಗಳು. ಅಷ್ಟೇ ಅವರ ಸಂಸಾರ.

ನನ್ನ ಸಂಸಾರ ಅದಕ್ಕಿಂತ ಸಣ್ಣದು: ಒಂದು ಟ್ರಂಕು, ಒಂದು ಲಾಟೀನು, ಮುಂದಕ್ಕೆ ಹಾಕಿದ ನೂರೆಂಟು ಕೆಲಸ. ಚಪ್ಪಲಿಯ ಉಂಗುಷ್ಠಕ್ಕೆ ಆರು ತಿಂಗಳು ಪಿನ್ನು ಚುಚ್ಚಿಕೊಂಡು ನಡೆದವನು ನಾನು. ಮೂರು ಕಾಗದಕ್ಕೂ ಉತ್ತರ ಕಾಣದ ಅಪ್ಪ ನಾಲ್ಕನೆಯದರಲ್ಲಿ "ಸತ್ತಿದ್ದರೆ ಬರೆಯಬೇಡ, ಬದುಕಿದ್ದರೆ ಎರಡು ಸಾಲು ಬರಿ" ಎಂದು ಬರೆದಿದ್ದ. ಅದಕ್ಕೂ ಎರಡು ವಾರ ಬಿಟ್ಟು ಬರೆದೆ.

ಹಾಗೆಂದು ಸೋಮಾರಿ ಅಂದರೆ ಬಿದ್ದುಕೊಂಡಿರುವವನು ಎಂದು ತಿಳಿಯಬೇಡಿ. ನಾನು ಬಹಳ ಚುರುಕಿನ ಸೋಮಾರಿ. ಪಾಠದ ಟಿಪ್ಪಣಿ ಬರೆಯಬೇಕಾದ ದಿನ ಖೋಲಿಯ ಕಸ ಹೊಡೆಯುತ್ತಿದ್ದೆ, ಲಾಟೀನಿನ ಗಾಜು ಫಳಫಳ ಒರೆಸುತ್ತಿದ್ದೆ, ಪಕ್ಕದ ಮನೆಯವರ ಸೈಕಲ್ಲಿಗೆ ಪಂಕ್ಚರ್ ಕೂಡ ಹಾಕಿಕೊಟ್ಟಿದ್ದೇನೆ. ಮಾಡಬೇಕಾದ ಒಂದನ್ನು ಬಿಟ್ಟು ಜಗತ್ತಿನ ಎಲ್ಲ ಕೆಲಸ ನನಗೆ ಪ್ರಿಯವಾಗುತ್ತಿತ್ತು. ನಿಮ್ಮಲ್ಲೂ ಇಂಥವರಿದ್ದರೆ ಈಗಲೇ ಕೈ ಎತ್ತಬೇಕಾಗಿಲ್ಲ, ನಾಳೆ ಎತ್ತಿದರೂ ನಡೆಯುತ್ತದೆ.

ನೀಲವ್ವ ಇದನ್ನೆಲ್ಲ ನೋಡಿ ನಗುತ್ತಿದ್ದಳು. "ನೀವು ಕಾಲುವಿ ಸೀಮಿ ಮಂದಿ ಬಿಡ್ರಿ ಮಾಸ್ತರ. ನಿಮಗ ನೀರು ಮನಿ ಬಾಗಲಕ್ಕ ಬರ್ತೈತಿ. ನಮ್ಮ ಕಡಿ ಹದ ಯಾರಿಗೂ ಕಾಯೂದಿಲ್ಲ. ಮಳಿ ಬಂದ ಮೂರು ದಿನದಾಗ ಬಿತ್ತಿದ್ರ ಬಿತ್ತಿದಂಗ, ಇಲ್ಲಂದ್ರ ಆ ವರ್ಷ ಹೋತು."

ಅವಳ ಕೈ ಸುಮ್ಮನಿದ್ದುದನ್ನು ನಾನು ನೋಡಿರಲಿಲ್ಲ. ಮಧ್ಯಾಹ್ನ ಪಡಸಾಲೆಯಲ್ಲಿ ಕಾಲು ಚಾಚಿ ಕೌದಿ ಹರವಿಕೊಂಡು ಕೂತರೆ ಎಮ್ಮೆ ಹಿಂಡುವ ಹೊತ್ತಿನತನಕ ಹೊಲಿಗೆ. ಒಂದು ವಿಚಿತ್ರ ಮಾತ್ರ ನನ್ನ ಕಣ್ಣಿಗೆ ಬಿದ್ದಿತ್ತು. ಅವಳು ಸಾಲು ಮುಗಿಸಿ ಏಳುತ್ತಿರಲಿಲ್ಲ. ಸಾಲಿನ ನಡುವೆ, ಮೊಳದುದ್ದ ದಾರ ಪೋಣಿಸಿಯೇ ಇರುವ ಸೂಜಿಯನ್ನು ಬಟ್ಟೆಗೆ ಚುಚ್ಚಿ, ಹಾಗೇ ಮಡಿಸಿ ಎದ್ದುಬಿಡುತ್ತಿದ್ದಳು. ಇನ್ನು ನಾಲ್ಕು ಹೊಲಿಗೆ ಹಾಕಿದ್ದರೆ ಸಾಲು ಮುಗಿಯುತ್ತಿತ್ತಲ್ಲ ಎಂದು ಒಮ್ಮೆ ಕೇಳಿದೆ.

"ಸಾಲು ಮುಗಿಸಿ ಎದ್ರ ನಾಳಿಗೆ ಮತ್ತ ಮೊದಲಿಂದ ಶುರು ಮಾಡಬೇಕ್ರಿ. ಶುರು ಮಾಡೂದ ತ್ರಾಸು. ನಡುವ ಬಿಟ್ರ ಸೂಜಿನ ಕರೀತೈತಿ, ಬಾ, ಇಲ್ಲೀತನಾ ಬಂದೀವಿ, ಮುಂದ ಹೋಗೂಣು ಅಂತ."

ನಾನು ನಕ್ಕು ತಲೆದೂಗಿದೆ. ಬುದ್ಧಿಮಾತು ಕೇಳಿ ತಲೆದೂಗುವುದರಲ್ಲಿ ನಾನು ಎಂದೂ ತಡ ಮಾಡಿದವನಲ್ಲ.

ಶಾಂತಾ ಹತ್ತನೆಯ ತರಗತಿ ಪಾಸಾದಳು, ಅದೂ ಫಸ್ಟ್ ಕ್ಲಾಸಿನಲ್ಲಿ. ಅವಳಿಗೆ ಟಿ.ಸಿ.ಎಚ್. ಮಾಡಿ ಮಾಸ್ತರಿಣಿ ಆಗುವ ಆಸೆ. ಬೇವೂರಿನಲ್ಲಿದ್ದ ನೀಲವ್ವನ ಅಣ್ಣ ಬಸಪ್ಪನಿಗೆ ಅವಳನ್ನು ತನ್ನ ಮಗನಿಗೆ ತಂದುಕೊಳ್ಳುವ ಆಸೆ. ಬಸಪ್ಪ ಕೆಟ್ಟವನೇನಲ್ಲ, ತಂಗಿ ಒಂಟಿ ಹೆಂಗಸು, ಬೆಳೆದ ಹುಡುಗಿ ಮನೆಯಲ್ಲಿದ್ದಾಳೆ ಎಂಬ ಚಿಂತೆ ಅವನದು. ಅಣ್ಣ ತಂಗಿ ಕೂತು ಒಂದು ಮಾತಿಗೆ ಬಂದರು. ಸೀಟು ಸಿಕ್ಕರೆ ಹುಡುಗಿ ಓದಲಿ, ಸಿಗದಿದ್ದರೆ ದೀಪಾವಳಿಯ ನಂತರ ಅಕ್ಷತೆ ಬೀಳಲಿ.

ನೀಲವ್ವ ಅರ್ಜಿಯ ಫಾರ್ಮನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಖೋಲಿಗೆ ಬಂದಳು. "ಇದನ್ನ ನೀವ ತುಂಬಬೇಕ್ರಿ ಮಾಸ್ತರ. ಕುಷ್ಟಗಿಗೆ ಹೋಗಿ ಉತ್ಪನ್ನದ ದಾಖಲಾ ಒಂದು ತಂದು ಹಚ್ಚಿ, ರಾಯಚೂರಿಗೆ ಕಳಸಬೇಕಂತ. ನನ್ನ ಮಗಳ ಹಣೀಬರಹ ನಿಮ್ಮ ಕೈಯಾಗೈತಿ ನೋಡ್ರಿ." ಉತ್ಪನ್ನದ ದಾಖಲಾ ಅಂದರೆ ಆದಾಯದ ಪ್ರಮಾಣಪತ್ರ. ಆಗ ನಮ್ಮ ಜಿಲ್ಲೆ ರಾಯಚೂರು. ಕಡೆಯ ದಿನಕ್ಕೆ ಇನ್ನೂ ಇಪ್ಪತ್ತು ದಿನವಿತ್ತು.

ಇಪ್ಪತ್ತು ದಿನ! ಸೋಮಾರಿಗೆ ಇದಕ್ಕಿಂತ ದೊಡ್ಡ ಆಸ್ತಿ ಬೇಕೆ?

ಮೊದಲ ವಾರ ಪೆನ್ನು ಸರಿಯಿಲ್ಲ ಎಂದುಕೊಂಡೆ. ಇರುವುದು ಒಂದೇ ಫಾರ್ಮು, ಒಂದು ಅಕ್ಷರ ಕೆಟ್ಟರೆ ಗತಿಯೇನು, ಒಳ್ಳೆಯ ನಿಬ್ಬು ತಂದು ಮುತ್ತಿನಂತೆ ಬರೆಯಬೇಕು. ಎರಡನೆಯ ವಾರ ನಿಬ್ಬು ಸಿಕ್ಕಿತು, ಆದರೆ ಮನಸ್ಸು ಕೂತಿರಲಿಲ್ಲ. ಕುಷ್ಟಗಿಗೆ ಹೋಗುವುದಂತೂ ಪ್ರತಿದಿನವೂ ನಾಳೆಯೇ ಆಗಿತ್ತು. ನಿಜ ಹೇಳುತ್ತೇನೆ, ಈಗ ನಾಚಿಕೆಯಿಲ್ಲ: ಕಚೇರಿಯೊಂದರ ಮೇಜಿನ ಮುಂದೆ ನಿಂತು ಅಪರಿಚಿತರೊಡನೆ ಮಾತಾಡುವುದೆಂದರೆ ನನ್ನ ನಾಲಿಗೆ ಒಣಗುತ್ತಿತ್ತು. ಮಕ್ಕಳ ಮುಂದೆ ಹುಲಿ, ಗುಮಾಸ್ತರ ಮುಂದೆ ಇಲಿ. ಬರೆದರೆ ಕೆಟ್ಟೀತು, ಹೋದರೆ ಯಾರಾದರೂ ಏನಾದರೂ ಅಂದಾರು. ಇದನ್ನೇ ನಾನು ಸೋಮಾರಿತನ ಎಂದು ಕರೆದುಕೊಂಡು ಆರಾಮಾಗಿದ್ದೆ. ಅಂಜುಬುರುಕ ಎನ್ನಿಸಿಕೊಳ್ಳುವುದಕ್ಕಿಂತ ಸೋಮಾರಿ ಎನ್ನಿಸಿಕೊಳ್ಳುವುದು ಗಂಡಸಿಗೆ ಅಗ್ಗ ಬೀಳುತ್ತದೆ.

ಲಾಟೀನಿನ ಕೆಳಗೆ ಇಟ್ಟಿದ್ದ ಫಾರ್ಮಿನ ಮೇಲೆ ಎಣ್ಣೆಯ ಒಂದು ದುಂಡು ಕಲೆ ಬಿತ್ತು. ಕಡೆಯ ದಿನವೂ ಹೋಯಿತು.

ಮರುದಿನ ಮಧ್ಯಾಹ್ನ ಪಡಸಾಲೆಗೆ ಹೋಗಿ ನಿಂತೆ. ಶಾಂತಾ ಹೊಲಕ್ಕೆ ಹೋಗಿದ್ದಳು. ನೀಲವ್ವ ಹೊಲಿಯುತ್ತಿದ್ದಳು. ಅದು ಶಾಂತಾಳಿಗಾಗಿಯೇ ಹಾಕಿದ ಹೊಸ ಕೌದಿ, ಮೂರು ಇಳಕಲ್ಲ ಸೀರೆಯದು.

"ಕಡೀ ದಿನ ಎಂದಿತ್ರಿ?" ಎಂದಳು, ನನ್ನ ಮುಖ ನೋಡಿಯೇ ತಿಳಿದುಕೊಂಡು.

"ನಿನ್ನೆ."

ಸೂಜಿ ನಿಂತಿತು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಕೌದಿಯ ಮೇಲೆ ಕೈಯಾಡಿಸುತ್ತಾ ಬಹಳ ಹೊತ್ತು ಕೂತಳು. ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ಶಾಂತಾಗ ಹೇಳಬ್ಯಾಡ್ರಿ. ವಯಸ್ಸು ಎರಡು ತಿಂಗಳು ಕಮ್ಮಿ ಬಿತ್ತಂತ, ಮುಂದಿನ ವರ್ಷ ಸಿಗತೈತಂತ ನಾ ಹೇಳ್ತೀನಿ. ನಿಮ್ಮ ಮ್ಯಾಲಿನ ನಂಬಿಕಿ ಹೋದ್ರ ಆಕಿ ಓದೂದ ಬಿಟ್ಟಾಳು. ಮುಂದ ಆಕಿ ಮಾಸ್ತರಿಣಿ ಆದ ಮ್ಯಾಲ ನೀವ ನಿಮ್ಮ ಬಾಯಿಲೆ ಹೇಳ್ರಿ."

"ಬಸಪ್ಪನವರು ಸುಮ್ನಿರ್ತಾರೇನ್ರಿ?"

"ಇರೂದಿಲ್ಲ. ಅದಕ್ಕ ಒಂದು ಹಾದಿ ಐತಿ. ನಮ್ಮ ಮನಿತನದಾಗ ತಾಯಿ ಹೊಲಿದ ಕೌದಿ ಇಲ್ಲದ ಮಗಳು ಅತ್ತಿ ಮನಿ ಹೊಸ್ತಲಾ ತುಳಿಯೂದಿಲ್ಲ. ಈ ಕೌದಿ ಮುಗದ್ರ ತಾನ ಮದವಿ? ಮುಂದಿನ ವರ್ಷ ಸೀಟು ಸಿಗೂತನಾ ಇದು ಮುಗಿಯಬಾರದು." ಆಮೇಲೆ ನನ್ನನ್ನು ನೇರವಾಗಿ ನೋಡಿ, ಒಂದಿಷ್ಟೂ ಕುಹಕವಿಲ್ಲದೆ ಕೇಳಿದಳು. "ನನಗ ಕೆಲಸ ನಿಂದ್ರಸೂದು ಗೊತ್ತಿಲ್ರಿ ಮಾಸ್ತರ. ನಿಮ್ಮ ವಿದ್ಯಾ ನನಗಿಷ್ಟು ಕಲಸ್ರಿ."

ಆ ಮಾತು ನನಗೆ ತಾಗಿದಷ್ಟು ನನ್ನ ಅಪ್ಪನ ಬಾರುಕೋಲೂ ತಾಗಿರಲಿಲ್ಲ. ಆದರೂ ಕಲಿಸಿದೆ. ಬೇರೇನು ಕೊಡಲು ನನ್ನ ಹತ್ತಿರವಿತ್ತು?

ದೀಪಾವಳಿಗೆ ಬಸಪ್ಪ ಬಂದ. ಗೋಡೆಯಾಚೆ ನನ್ನ ಖೋಲಿಗೆ ಎಲ್ಲ ಕೇಳುತ್ತಿತ್ತು. "ಮುಗಿಯಾಕ ಬಂದೈತೇನ ತಂಗಿ?" "ಎಲ್ಲಿದಪ್ಪ, ಚಂದನ್ನ ದಾರ ಸಿಗವಲ್ದು. ಮಗಳ ಕೌದಿ, ಮುತ್ತಿನಂಗ ಹೊಲೀಬೇಕಲ್ಲ?" ನನ್ನ ನಿಬ್ಬಿನ ನೆಪವನ್ನೇ ದಾರಕ್ಕೆ ಕಟ್ಟಿದ್ದಳು. ಸಂಕ್ರಾಂತಿಗೆ ಮತ್ತೆ ಬಂದ. "ಛಳಿಗೆ ಕೈಬೆರಳ ಬಗ್ಗವಲ್ವು ಅಣ್ಣಾ, ಬಿಸಲ ಬೀಳ್ಲಿ." ಯುಗಾದಿಗೆ ಬಂದ. "ಬಿಸಲಿಗೆ ತಲಿ ತಿರಗತೈತಿ, ಎರಡು ಮಳಿ ಆಗ್ಲಿ." ಮೂರೂ ನನ್ನವೇ. ಅವನ್ನು ಹೇಳಿಕೊಂಡಾಗ ನನಗೆಂದೂ ಅವು ನೆಪ ಎನ್ನಿಸಿರಲಿಲ್ಲ, ಅಪ್ಪಟ ಕಾರಣಗಳಾಗಿದ್ದವು. ಗೋಡೆಯಾಚೆಯಿಂದ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಎಷ್ಟು ತೆಳ್ಳಗೆ, ಎಷ್ಟು ಹರಕಾಗಿ ಕೇಳಿಸಿದವು! ಬಸಪ್ಪನಂಥ ಬಸಪ್ಪನೂ ಮೂರನೆಯ ಸಲ "ನಾಳೆ ಅಂದವ್ರ ಮನಿ ಹಾಳು, ತಂಗಿ" ಎಂದು ಎದ್ದು ಹೋದ. ಒಳಗೆ ಕೂತ ನಾನು ತಲೆ ತಗ್ಗಿಸಿದೆ.

ನೀಲವ್ವನಿಗೆ ಆ ವರ್ಷ ಸುಲಭದ್ದಾಗಿರಲಿಲ್ಲ. ದಿನವೂ ಮಗಳ ಕೌದಿ ಬಿಚ್ಚಿ ಮುಂದಿಟ್ಟುಕೊಳ್ಳುವಳು, ಸೂಜಿಯ ಮೇಲೆ ಬೆರಳಿಡುವಳು, ತೆಗೆದುಬಿಡುವಳು. ಮಾಘದ ಒಂದು ಮಧ್ಯಾಹ್ನ ನನ್ನನ್ನು ಕರೆದಳು.

"ಕೆಲಸ ಮಾಡೂದು ಸಸಾರ ಐತ್ರಿ ಮಾಸ್ತರ. ಎದುರಿಗೆ ಇಟಗೊಂಡು ಮಾಡದಂಗ ಇರೂದೈತೆಲ್ಲ, ಅದು ಭಾಳ ತ್ರಾಸು. ಎದಿ ಮ್ಯಾಲ ಕಲ್ಲ ಹೊತ್ತಂಗ ಆಗತೈತಿ. ನೀವು ಇಷ್ಟು ವರ್ಷ ಹೆಂಗ ತಡಕೊಂಡ್ರಿ?"

ನನಗೆ ಅಳು ಬಂತು. ಯಾಕೆಂದರೆ ಅದು ನಿಜವಾಗಿತ್ತು. ಮಾಡದೆ ಉಳಿದ ಒಂದೊಂದು ಕೆಲಸವೂ ನನ್ನ ಎದೆಯ ಮೇಲೆ ಕೂತಿತ್ತು, ಮತ್ತು ಅದನ್ನು ಕಂಡು ಕೇಳಿದವರು ಅವಳೊಬ್ಬಳೇ. ಮೈಗಳ್ಳ ಎಂದವರಿದ್ದರು, ತ್ರಾಸಾಗುವುದಿಲ್ಲವೇ ಎಂದವರಿರಲಿಲ್ಲ. ಅಂಜಿಕೆಯಾಗುತ್ತದೆ ನೀಲವ್ವ, ಕೆಟ್ಟರೆ ಏನು ಗತಿ ಎಂದು ಕೈಯೇ ಮುಂದೆ ಬರುವುದಿಲ್ಲ, ಎಂದೆ.

"ಹಂಗಾದ್ರ ಪೂರಾ ಮಾಡಬ್ಯಾಡ್ರಿ" ಎಂದಳು. "ನಾಕ ಹೊಲಗಿ ಹಾಕ್ರಿ. ಸೂಜಿ ಅಲ್ಲೇ ಬಿಟ್ಟು ಏಳ್ರಿ. ನಾಳಿಗೆ ಅದ ಕರೀತೈತಿ."

ಅವತ್ತು ಸಂಜೆ ಅಪ್ಪನಿಗೆ ಕಾಗದ ಬರೆಯಲು ಕೂತು, ಒಂದು ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ, ಪೆನ್ನನ್ನು ಅದರ ಮೇಲೇ ಇಟ್ಟು ಮಲಗಿದೆ. ಬೆಳಿಗ್ಗೆ ಎದ್ದವನು ಚಹಾ ಕುಡಿಯುವ ಮೊದಲೇ ಹೋಗಿ ಆ ವಾಕ್ಯ ಮುಗಿಸಿದೆ. ಮುಗಿಸದಿದ್ದರೆ ಹಲ್ಲಿನಲ್ಲಿ ಸಿಕ್ಕ ಅಡಿಕೆ ಚೂರಿನಂತೆ ಕಾಡುತ್ತಿತ್ತು. ಅದೇನು ದೊಡ್ಡ ತಪಸ್ಸಿನ ಫಲವಲ್ಲ. ನಡುವೆ ಎಷ್ಟೋ ದಿನ ಜಾರಿದ್ದೂ ಉಂಟು. ಆದರೆ ಕೆಲಸದ ಹೊಸ್ತಿಲಲ್ಲಿ ನಿಂತು ನಡುಗುವ ಬದಲು ಒಂದು ಕಾಲನ್ನು ಒಳಗಿಟ್ಟು ಬರುವುದನ್ನು ಕಲಿತೆ.

ಮುಂದಿನ ಜೂನಿನಲ್ಲಿ ಹೊಸ ಫಾರ್ಮು ಬಂತು. ಬಂದ ಸಂಜೆಯೇ ಕೂತು ಶಾಂತಾಳ ಹೆಸರಷ್ಟನ್ನೇ ಬರೆದು ಪೆನ್ನು ಅದರ ಮೇಲಿಟ್ಟೆ. ಮರುದಿನ ಬೆಳಗಾಗುವುದರೊಳಗೆ ಉಳಿದದ್ದು ತುಂಬಿತ್ತು. ಒಂದು ಕಡೆ ಮಸಿ ಹರಡಿತು. ಹರಡಲಿ ಎಂದೆ. ಮೊದಲ ಬಸ್ಸಿಗೆ ಕುಷ್ಟಗಿಗೆ ಹೋದೆ. ಕಚೇರಿಯಲ್ಲಿ ಒಬ್ಬ ವಯಸ್ಸಾದ ಗುಮಾಸ್ತರು ಕನ್ನಡಕ ಏರಿಸಿ, "ಯಾವೂರ ಮಾಸ್ತರ್ರಿ? ಕೂಡ್ರಿ" ಎಂದು ಬೆಂಚು ತೋರಿಸಿ, ವಿಚಾರಿಸಿ, ಬರೆದು, ಸಿಕ್ಕೆ ಒತ್ತಿ ಕೊಟ್ಟರು. ಒಂದು ಕಪ್ಪು ಚಹಾ ಆರುವಷ್ಟು ಹೊತ್ತಿನ ಕೆಲಸ. ಬಸ್‌ಸ್ಟ್ಯಾಂಡಿನ ಬೇವಿನ ಕೆಳಗೆ ಆ ಕಾಗದ ಹಿಡಿದು ಕೂತೆ. ಇಷ್ಟಕ್ಕಾಗಿ ಒಂದು ಹುಡುಗಿಯ ಒಂದು ವರ್ಷ ಹೋಗಿತ್ತು.

ಶಾಂತಾಳಿಗೆ ಸೀಟು ಸಿಕ್ಕಿತು. ಕಾಗದ ಬಂದ ದಿನ ನೀಲವ್ವ ಆ ಕೌದಿ ತೆಗೆದು ಕೂತವಳು ಹದಿನೈದು ದಿನದಲ್ಲಿ ಹೊಟ್ಟೆಯವರೆಗೆ ತಂದಳು. ವರ್ಷದ ಹಸಿವು ಅವಳ ಬೆರಳಿಗೆ. ಹೊಟ್ಟೆ ತುಂಬಿಸುವ ದಿನ ಬಸಪ್ಪನೂ ಬಂದಿದ್ದ, ಮಗನಿಗೆ ಯಲಬುರ್ಗಾದ ಕಡೆ ಬೇರೆ ಹೆಣ್ಣು ಗೊತ್ತಾಗಿತ್ತು. ಮುಖ ಗಂಟು ಹಾಕಿಕೊಂಡೇ ಮೂರು ಹೋಳಿಗೆ ತುಪ್ಪ ಸುರಿದುಕೊಂಡು ಉಂಡ. ಅತ್ತೆಯ ಮನೆಗೆ ಹೋಗಬೇಕಾಗಿದ್ದ ಕೌದಿ ಹಾಸ್ಟೆಲ್ಲಿಗೆ ಹೋಯಿತು.

ಎರಡು ವರ್ಷದ ಮೇಲೆ ನನಗೆ ಗಂಗಾವತಿಯ ಕಡೆಗೆ ವರ್ಗವಾಯಿತು. ಹೊರಡುವ ದಿನ ನೀಲವ್ವ ಈ ಸಣ್ಣ ಕೌದಿ ಕೈಯಲ್ಲಿಟ್ಟಳು. ಕಡೆಯ ಸಾಲು ಅರ್ಧಕ್ಕೇ ನಿಂತಿತ್ತು, ಸೂಜಿ ದಾರ ಅದರಲ್ಲೇ ಇತ್ತು. "ಹೊಟ್ಟಿ ಖಾಲಿ ಬಿಟ್ಟೀನಿ. ಶಾಂತಾಗ ಹೇಳಿದ ದಿನ ತುಂಬಸಿ ಹೊಲೀರಿ."

ಈಗ ತಿಳಿಯಿತಲ್ಲ, ನಾನೇಕೆ ಹೊಲಿಯಲಿಲ್ಲವೆಂದು? ಶಾಂತಾ ಮಾಸ್ತರಿಣಿಯಾದಳು, ಹೇಳಲಿಲ್ಲ. ತಾನು ಮೆಚ್ಚಿದವನನ್ನು ಮದುವೆಯಾಗಿ ಮೊದಲ ಪತ್ರಿಕೆ ನನಗೇ ಕಳಿಸಿದಳು, ಶುಭಕಾರ್ಯದಲ್ಲಿ ಬೇಡವೆಂದು ಬಿಟ್ಟೆ. ಹನ್ನೆರಡು ವರ್ಷದ ಕೆಳಗೆ ನೀಲವ್ವ ತೀರಿಕೊಂಡಾಗ ಶಾಂತಾ ನನ್ನ ಕೈ ಹಿಡಿದು ಅತ್ತಳು. ಇದು ಹೊತ್ತಲ್ಲ ಎಂದುಕೊಂಡೆ. ಊರಿಗೆಲ್ಲ ಹೊತ್ತಿಗೆ ಸರಿಯಾದ ಮಾಸ್ತರನೆಂದು ಹೆಸರಾದವನು ಒಂದು ಮಾತನ್ನು ನಲವತ್ತು ವರ್ಷ ಮುಂದಕ್ಕೆ ಹಾಕಿದ್ದೆ.

ಇವತ್ತು ಬೆರಳಿನ ರಕ್ತ ಒರೆಸಿಕೊಂಡು, ಮನೆಯಾಕೆಯನ್ನು ಎದುರಿಗೆ ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ. ಅವಳು ಫೋನು ತಂದು ಕೈಗಿಟ್ಟಳು. ಶಾಂತಾ ಈಗ ನಿವೃತ್ತಳಾಗಿ ಕೊಪ್ಪಳದಲ್ಲಿದ್ದಾಳೆ.

ಪೂರಾ ಹೇಳುವ ಧೈರ್ಯವಿರಲಿಲ್ಲ. ನಾಲ್ಕು ಹೊಲಿಗೆ ಹಾಕಿದೆ. "ಶಾಂತವ್ವ, ಆ ವರ್ಷ ನಿನ್ನ ಫಾರ್ಮು..." ಎಂದು ನಿಲ್ಲಿಸಿದೆ. ಆಮೇಲೆ ಮಾತೇ ಈ ಕೌದಿಯವರೆಗೂ ಎಳೆದುಕೊಂಡು ಹೋಯಿತು. ಅವಳು ಮುಗಿಯುವತನಕ ಕೇಳಿದಳು.

"ನನಗ ಗೊತ್ತಿತ್ರಿ ಸರ್. ನಿಮ್ಮ ಖೋಲಿ ಕಸ ಹೊಡಿಯೂವಾಗ ಲಾಟೀನ ಕೆಳಗ ಖಾಲಿ ಫಾರ್ಮ ನೋಡಿದ್ದೆ. ಕಡೀ ದಿನಕ್ಕ ಇನ್ನೂ ಎಂಟು ದಿನ ಇದ್ದುವು."

"ಮತ್ಯಾಕ ಕೇಳಲಿಲ್ಲವ್ವ?"

"ಮಾಸ್ತರಿಗೆ ಹೆಂಗ ಕೇಳೂದು ಅಂತ ಅಂಜಿಕಿ ಬಂತು. ನಾಳಿಗೆ ಕೇಳಿದ್ರಾತು ಅಂತ ಎಂಟು ದಿನ ಕಳದೆ. ಅವ್ವ ನನ್ನ ಸಲುವಾಗಿ ಒಂದು ವರ್ಷ ಸುಳ್ಳ ಹೇಳಿದ್ಲು, ಸರ್. 'ನನಗ ಗೊತ್ತಿತ್ತವ್ವ, ಕೇಳಲಾರದ ತಪ್ಪು ನಂದೂ ಐತಿ' ಅಂತ ಆಕಿಗೆ ಹೇಳಬೇಕಂದಿದ್ದೆ. ಹೇಳಲೇ ಇಲ್ಲ. ಇನ್ನ ಯಾರಿಗೆ ಹೇಳ್ಲಿ?"

ಕೌದಿ ನನ್ನ ತೊಡೆಯ ಮೇಲಿತ್ತು.

"ಅವ್ವ ನಿಮಗ ಕೊಟ್ಟ ಕೌದಿ ಹೊಟ್ಟಿ ಖಾಲಿ ಐತೇನ್ರಿ ಇನ್ನೂ?"

"ಐತವ್ವ."

"ತುಂಬಸಬ್ಯಾಡ್ರಿ. ನಾ ಬರ್ತೀನಿ. ಇಬ್ಬರೂ ಕೂಡಿ ತುಂಬಸೂಣು."

"ಎಂದ ಬರ್ತಿ?" ಎಂದೆ. ಹಬ್ಬ ಮುಗಿಯಲಿ, ಬಿಸಿಲು ಇಳಿಯಲಿ, ಯಾವುದೋ ಒಂದು ಬರುತ್ತದೆಂದು ಕಿವಿ ಕಾಯುತ್ತಿತ್ತು.

"ಇವತ್ತ" ಎಂದಳು. "ಹನ್ನೆರಡರ ಬಸ್ಸಿಗೆ."

ಮನೆಯಾಕೆ ಆಗಲೇ ಹೋಳಿಗೆಗೆಂದು ಮೊರದಲ್ಲಿ ಕಡಲೆಬೇಳೆ ಸುರಿದಿದ್ದಳು. ಹಳೆಯ ಸೂಜಿಯನ್ನು ತೆಗೆದು, ಹೊಸದಕ್ಕೆ ನಾನೇ ದಾರ ಪೋಣಿಸಿ, ನೀಲವ್ವ ನಿಲ್ಲಿಸಿದ ಜಾಗದಲ್ಲೇ ಚುಚ್ಚಿಟ್ಟು, ಬೇಳೆ ಆರಿಸಲು ಕೂತೆ.